ಚೀಲದ ಮೇಲೆ ‘ಕನಿಷ್ಠ’ ಬೇಡ, ಇವತ್ತಿನ ಅಂಕಿ ಬರೆಯಿರಿ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರ. ಬೀಜದ ಬಗ್ಗೆ ನಿಮಗೆ ಬರುವ ಪತ್ರಗಳೆಲ್ಲ ಜುಲೈ ತಿಂಗಳಲ್ಲೇ ಬರುತ್ತವೆ ಎಂದು ನನ್ನ ಅಂದಾಜು. ಬಿತ್ತಿದ್ದು ಹುಟ್ಟದೆ, ಹೊಲ ಬೋಳಾಗಿ, ಸಿಟ್ಟು ನೆತ್ತಿಗೇರಿದಾಗ ಬರೆದ ಪತ್ರಗಳು. ನಾನು ಬೇಕೆಂದೇ ಫೆಬ್ರುವರಿಯಲ್ಲಿ ಬರೆಯುತ್ತಿದ್ದೇನೆ. ಮುಂಗಾರಿಗೆ ಇನ್ನೂ ಮೂರೂವರೆ ತಿಂಗಳಿದೆ. ನಾನು ಕೇಳುವುದು ಇಷ್ಟು: ಸೋಯಾ ಬೀಜ ಹಂಚುವ ಮುಂಚೆ ಅದರ ಮೊಳಕೆ ಇನ್ನೊಮ್ಮೆ ಎಣಿಸಿ, ಬಂದ ಅಂಕಿ ಬರೆದು ತೋರಿಸಿ. ಆ ಕೆಲಸಕ್ಕೆ ಅಷ್ಟು ಸಮಯ ಸಾಕು. ಹೆಚ್ಚು ದುಡ್ಡು ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ.

ನಾನು ಧಾರವಾಡ ಜಿಲ್ಲೆಯವಳು. ಎರೆ ಹೊಲ, ಮಳೆಯಾಶ್ರಿತ. ಮುಂಗಾರಿಗೆ ಸೋಯಾಬೀನ್, ಹಿಂಗಾರಿಗೆ ಜೋಳ, ಕಡಲೆ. ಮದುವೆಗೆ ಮುಂಚೆ ಬಿ.ಎಸ್ಸಿ. ಮುಗಿಸಿದ್ದೆ, ಓದಿದ ಸಸ್ಯಶಾಸ್ತ್ರ ಇಪ್ಪತ್ತು ವರ್ಷ ಕಪಾಟಿನಲ್ಲೇ ಮಲಗಿತ್ತು. ಅದನ್ನು ಎಬ್ಬಿಸಿದ್ದು ಎರಡು ವರ್ಷದ ಹಿಂದಿನ ಮುಂಗಾರು.

ಆ ವರ್ಷ ಮಿರಗದ (ಮೃಗಶಿರಾ) ಮಳೆ ಹದವಾಗಿ ಬಿತ್ತು. ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ಬೆಳಗಿನ ಐದಕ್ಕೇ ಪಾಳಿ. ಕೆಲವರು ಚಪ್ಪಲಿ ಇಟ್ಟು ಚಹಾಕ್ಕೆ ಹೋಗಿದ್ದರು, ಚಪ್ಪಲಿಗಳೇ ಸಾಲಾಗಿ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ನಮಗೆ ಮೂರು ಎಕರೆಗೆ ಮೂರು ಚೀಲ ಸಿಕ್ಕಿತು, ತಲಾ 30 ಕಿಲೊ. ನೀಲಿ ಚೀಟಿ, ಅಂದರೆ ಪರೀಕ್ಷೆಯಲ್ಲಿ ಪಾಸಾದ ಪ್ರಮಾಣಿತ ಬೀಜ. ಚೀಟಿಯ ಮೇಲೆ ‘ಮೊಳಕೆ: ಕನಿಷ್ಠ ಶೇ 70’. ಮರುದಿನವೇ ಕೂರಿಗೆ ಹೂಡಿದೆವು.

ಸೋಯಾ ಐದಾರು ದಿನಕ್ಕೆ ನೆಲ ಎತ್ತಬೇಕು. ಎಂಟನೆಯ ದಿನ ನೋಡಿದರೆ ಸಾಲು ಹಲ್ಲುದುರಿದ ಬಾಯಿಯಂತಿತ್ತು. ನನ್ನ ಮನೆಯವರು ಸಾಲಿನಲ್ಲಿ ಕುಳಿತು ಬೆರಳಿನಿಂದ ಮಣ್ಣು ಕೆದಕಿದರು. ಕಾಳು ಅಲ್ಲೇ ಇತ್ತು. ಉಬ್ಬಿತ್ತು, ಹಿಚುಕಿದರೆ ಹಿಟ್ಟಿನಂತೆ ಹೊರಬರುತ್ತಿತ್ತು.

ಮೂರನೆಯ ಚೀಲದ ತಳದಲ್ಲಿ ಎರಡು ಮುಷ್ಟಿಯಷ್ಟು ಬೀಜ ಉಳಿದಿತ್ತು. ಅದರಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಹತ್ತು ಸಾಲಿಟ್ಟು ಸುತ್ತಿ, ಜಳಕದ ಮನೆಯ ಮೂಲೆಯಲ್ಲಿಟ್ಟೆ. ಎಂಟು ದಿನಕ್ಕೆ ಬಿಚ್ಚಿ ಎಣಿಸಿದರೆ ನೆಟ್ಟಗೆ ಬೇರು ಬಿಟ್ಟು ಎರಡೂ ಬೇಳೆ ಗಟ್ಟಿಯಿದ್ದವು ನಲವತ್ತಾರು. ಇನ್ನೊಂದು ಹನ್ನೆರಡು ಮೊಳಕೆಯೇನೋ ಒಡೆದಿದ್ದವು. ಆದರೆ ಬೇರು ಮುರುಟಿದ್ದೋ, ಬೇಳೆ ಕೊಳೆತದ್ದೋ. ಅವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬುದು ನನಗೆ ಕಾಲೇಜಿನ ಪಾಠದಿಂದ ನೆನಪಿತ್ತು. ಮೊಳಕೆ ಬಂದದ್ದೆಲ್ಲ ಗಿಡವಾಗುವುದಿಲ್ಲ.

ಅರ್ಜಿ ಕೊಟ್ಟೆವು. ಕೃಷಿ ಇಲಾಖೆಯ ಸಾಹೇಬರು ಬಂದರು, ಹೊಲ ನೋಡಿದರು, ಪಂಚನಾಮೆ ಬರೆದರು. “ಸ್ವಲ್ಪ ಆಳ ಬಿತ್ತೀರಿ ಅನಸ್ತದ ಅಕ್ಕಾರ, ಮ್ಯಾಲ ಮಣ್ಣೂ ಹೆಪ್ಪ ಕಟ್ಟೈತಿ” ಎಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಎರೆಮಣ್ಣಿನ ಮೇಲೆ ಮಳೆ ಬಿದ್ದು ಬಿಸಿಲು ಹೊಡೆದರೆ ಹಪ್ಪಳದಂಥ ಪದರ ಕಟ್ಟುತ್ತದೆ, ಸೋಯಾದ ಎಳೆ ಕುತ್ತಿಗೆ ಅದನ್ನು ಒಡೆಯಲಾರದೆ ಮುರಿಯುತ್ತದೆ. ಎರಡು ಇಂಚಿಗಿಂತ ಆಳ ಹೋದರೂ ಅದೇ ಗತಿ. ಆದರೆ ನನ್ನ ಜಳಕದ ಮನೆಯ ಗೋಣಿತಟ್ಟಿನ ಮೇಲೆ ಯಾವ ಮಣ್ಣು ಹೆಪ್ಪುಗಟ್ಟಿತ್ತು?

ಉಳಿದ ಬೀಜದ ಮಾದರಿ, ಚೀಟಿ, ಖಾಲಿ ಚೀಲ ತೆಗೆದುಕೊಂಡು ಹೋದರು. 1968ರ ಬೀಜ ನಿಯಮಗಳಲ್ಲಿ 23ಎ ಎಂಬುದೊಂದಿದೆ. ಬೆಳೆ ಹುಟ್ಟಲಿಲ್ಲವೆಂದು ರೈತ ಬರೆದು ಕೊಟ್ಟರೆ ಬೀಜ ನಿರೀಕ್ಷಕರು ಇದನ್ನೆಲ್ಲ ಮಾಡಲೇಬೇಕು. ವಿಶ್ಲೇಷಕರ ವರದಿಗೆ ನಿಯಮ ಕೊಡುವ ಗಡುವು 30 ದಿನ. ಮಿರಗದಲ್ಲಿ ಬಿತ್ತಿ, ಎಂಟು ದಿನ ಕಾದು, ಎರಡು ದಿನ ಅರ್ಜಿಗೆ ಓಡಾಡಿ, ಅಲ್ಲಿಂದ 30 ದಿನ ಎಣಿಸಿ ನೋಡಿ. ಜುಲೈ ಮುಗಿಯುತ್ತ ಬರುತ್ತದೆ. ಅಷ್ಟರಲ್ಲಿ ನಾವು ಹೊಲ ಹರಗಿ ಗೋವಿನಜೋಳ ಹಾಕಿದ್ದೆವು, ಬೀಜಕ್ಕೂ ಟ್ರ್ಯಾಕ್ಟರಿಗೂ ಮತ್ತೆ ಕೈಸಾಲ. ವರದಿ ಬಂದ ದಿನ ಅದು ಮೊಣಕಾಲೆತ್ತರ ಇತ್ತು.

ವರದಿ ಏನು ಹೇಳಿತು ಗೊತ್ತೆ? ನಮ್ಮಿಂದ ಒಯ್ದ ಬೀಜ ‘ಪರೀಕ್ಷೆಗೆ ಸಾಲದಷ್ಟು’. ಅದೇ ಲಾಟಿನ (ಒಂದೇ ನಂಬರಿನಡಿ ಪಾಸಾದ ಬೀಜದ ರಾಶಿಯ), ಪ್ರಮಾಣನದ ಹೊತ್ತಿಗೆ ತೆಗೆದಿಟ್ಟ ಮಾದರಿಯಲ್ಲಿ ಮೊಳಕೆ ಶೇ 74. ಅಂದರೆ ಬೀಜ ಪಾಸು, ನಾವು ನಪಾಸು.

ಈ ಎರಡು ವರ್ಷ ನಾನು ಆ 74 ಮತ್ತು ನನ್ನ 46ರ ನಡುವೆ ಓಡಾಡಿದ್ದೇನೆ. ಮೊದಲು ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಈಗ ಹಾಗನಿಸುವುದಿಲ್ಲ. ಎರಡೂ ನಿಜವಿರಬಹುದು. ಒಂದು ಚಳಿಗಾಲದ ನಿಜ, ಇನ್ನೊಂದು ಜೂನ್ ತಿಂಗಳ ನಿಜ. ನಿಮ್ಮ ಚೀಟಿಯ ಮೇಲೆ ಚಳಿಗಾಲದ ನಿಜ ಮಾತ್ರ ಇದೆ. ಅದೂ ‘ಕನಿಷ್ಠ’ ಎಂಬ ಮುಸುಕು ಹಾಕಿಕೊಂಡು.

ಸೋಯಾ ಬೀಜದ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಲಾಖೆಯವರಿಗೆ ಗೊತ್ತಿರುವುದೇ, ಆದರೆ ಈ ಪತ್ರ ಓದುವ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಜೋಳ, ಕಡಲೆ ಎಲ್ಲ ಗಟ್ಟಿ ಜೀವ. ಶೇಂಗಾ ತನ್ನ ಬೀಜವನ್ನು ಗಟ್ಟಿ ಸಿಪ್ಪೆಯೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಸೋಯಾಗೆ ಅಂಥ ಕೋಟೆ ಇಲ್ಲ. ಸಿಪ್ಪೆ ಬಲು ತೆಳು, ಬೇರಾಗಬೇಕಾದ ಮೊಳೆ ಆ ತೆಳು ಸಿಪ್ಪೆಯ ಕೆಳಗೇ, ಕಾಳಿನ ಅಂಚಿನಲ್ಲಿ ಕೂತಿರುತ್ತದೆ. ರಾಶಿ ಮಷಿನ್ ಜೋರಾಗಿ ತಿರುಗಿದರೆ ಪೆಟ್ಟು ನೇರ ಅಲ್ಲಿಗೇ. ಹಮಾಲರು ಲಾರಿಯ ಮೇಲಿಂದ ಚೀಲ ಎತ್ತಿ ಒಗೆದರೂ ಪೆಟ್ಟು ಅಲ್ಲಿಗೇ. ಹೊರಗಿನಿಂದ ನೋಡಿದರೆ ಕಾಳು ಹೊಳೆಯುತ್ತಲೇ ಇರುತ್ತದೆ. ಪೆಟ್ಟು ತಿಂದ ಬೀಜವನ್ನು ಕಂಡುಹಿಡಿಯಲು ಒಂದು ಸುಲಭ ಉಪಾಯವಿದೆ: ಒಂದು ಹಿಡಿ ಕಾಳನ್ನು ಐದು ಹತ್ತು ನಿಮಿಷ ನೀರಿಗೆ ಹಾಕಿ. ಸಿಪ್ಪೆ ಸೀಳಿದ ಕಾಳು ಅಷ್ಟರಲ್ಲೇ ನೀರು ಕುಡಿದು ಉಬ್ಬಿ ಸುಕ್ಕಾಗುತ್ತದೆ, ಗಟ್ಟಿ ಕಾಳು ಹಾಗೇ ಇರುತ್ತದೆ.

ಇನ್ನು ಅದರಲ್ಲಿರುವ ಎಣ್ಣೆ ಮತ್ತು ಪ್ರೋಟೀನು. ತಿನ್ನುವವರಿಗೆ ಅದು ಗುಣ, ಬೀಜವಾಗಿ ಇಡುವವರಿಗೆ ಅದೇ ದೋಷ. ಸೆಕೆಯಲ್ಲಿ, ತೇವದಲ್ಲಿ ಸೋಯಾ ಬೇಗ ಮುದಿಯಾಗುತ್ತದೆ. ಬೀಜ ಶಾಸ್ತ್ರದಲ್ಲಿ ಒಂದು ಅಂದಾಜಿನ ಲೆಕ್ಕವಿದೆ. ಕಾಳಿನ ತೇವಾಂಶ ಶೇ 1ರಷ್ಟು ಕಡಿಮೆಯಾದರೆ, ಇಲ್ಲವೇ ಇಟ್ಟ ಜಾಗದ ಬಿಸಿ 5 ಡಿಗ್ರಿಯಷ್ಟು ಇಳಿದರೆ, ಬೀಜದ ಆಯುಷ್ಯ ಸರಿಸುಮಾರು ಇಮ್ಮಡಿ. ಇದನ್ನೇ ತಿರುಗಿಸಿ ಓದಿ. ಬಿಸಿ, ತೇವ ಏರಿದಂತೆಲ್ಲ ಆಯುಷ್ಯ ಅರ್ಧ, ಅರ್ಧದ ಅರ್ಧ.

ಈಗ ನಮ್ಮ ಚೀಲ ಬಂದ ದಾರಿ ನೋಡಿ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಕೊಯ್ಲು. ಆಗ ಹಸ್ತದ ಮಳೆ ಹಿಡಿದುಕೊಂಡರೆ ಕಾಯಿಯಲ್ಲೇ ಬೀಜ ಅರ್ಧ ಸತ್ತಿರುತ್ತದೆ. 2019ರ ಅಕ್ಟೋಬರ್ ಮಳೆಗೆ ಹಾಗೆ ನೆನೆದ ಬೀಜ 2020ರ ಜೂನಿನಲ್ಲಿ ಮಹಾರಾಷ್ಟ್ರದ ಮರಾಠವಾಡಾದಲ್ಲಿ ಎಬ್ಬಿಸಿದ ರಂಪ ನಿಮಗೆ ನೆನಪಿರಬಹುದು, ಅಲ್ಲಿನ ಹೈಕೋರ್ಟ್ ಪೀಠವೇ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ಇರಲಿ. ಕೊಯ್ಲಾದ ಬೀಜ ಸಂಸ್ಕರಣೆಯಾಗಿ, ಮಾದರಿ ಪ್ರಯೋಗಾಲಯಕ್ಕೆ ಹೋಗಿ, ಪಾಸಾಗುತ್ತದೆ. ಆ ಪರೀಕ್ಷೆಯ ದಿನದಿಂದ 9 ತಿಂಗಳು ಚೀಟಿಗೆ ಬೆಲೆ. ಡಿಸೆಂಬರಿನಲ್ಲಿ ಪಾಸಾದರೆ ಸೆಪ್ಟೆಂಬರಿನವರೆಗೆ ಯಾರೂ ಅದನ್ನು ಮತ್ತೆ ಮುಟ್ಟಿ ನೋಡಬೇಕಾಗಿಲ್ಲ. ಕಾಗದದ ಪ್ರಕಾರ ಅದು ಮೇ ತಿಂಗಳಿನಲ್ಲೂ ಡಿಸೆಂಬರಿನ ಬೀಜವೇ.

ಆದರೆ ಏಪ್ರಿಲ್‌, ಮೇ ತಿಂಗಳಲ್ಲಿ ಆ ಚೀಲ ಎಲ್ಲಿರುತ್ತದೆ? ಎಷ್ಟೋ ಕಡೆ ತಗಡಿನ ಸೂರಿನ ಗೋದಾಮಿನಲ್ಲಿ, ಎಂಟು ಹತ್ತು ಚೀಲ ಒಂದರ ಮೇಲೊಂದು ಪೇರಿಸಿ. ಸೋಯಾ ಚೀಲವನ್ನು ನಾಲ್ಕೈದಕ್ಕಿಂತ ಹೆಚ್ಚು ಪೇರಿಸಬಾರದು ಎಂದು ನಿಮ್ಮ ಇಲಾಖೆಯವರೇ ರೈತರ ಸಭೆಯಲ್ಲಿ ಹೇಳುತ್ತಾರೆ. ಬೀಜದ ಕಸುವು ಅಳೆಯಲು ವಿಜ್ಞಾನಿಗಳು ಒಂದು ಪರೀಕ್ಷೆ ಮಾಡುತ್ತಾರಂತೆ: ಸೋಯಾವನ್ನು 41 ಡಿಗ್ರಿ ಬಿಸಿಯಲ್ಲಿ, ತುಂಬಾ ತೇವದ ಗಾಳಿಯಲ್ಲಿ 72 ಗಂಟೆ ಇಟ್ಟು, ಆಮೇಲೆ ಎಷ್ಟು ಮೊಳೆಯುತ್ತದೆ ಎಂದು ನೋಡುವುದು. ನಮ್ಮ ತಗಡಿನ ಗೋದಾಮು ಹೆಚ್ಚುಕಡಿಮೆ ಅದೇ ಪರೀಕ್ಷೆಯನ್ನು ಎರಡು ತಿಂಗಳು ಮಾಡುತ್ತದೆ. ಫಲಿತಾಂಶ ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ. ಸೋಯಾದ ಒಂದು ಲಾಟ್ ಎಂದರೆ 200 ಕ್ವಿಂಟಲ್‌ವರೆಗೂ ಇರಬಹುದು. 30 ಕಿಲೊ ಚೀಲಕ್ಕೆ ಭಾಗಿಸಿದರೆ 660ಕ್ಕೂ ಹೆಚ್ಚು ಚೀಲ. ಇಷ್ಟಕ್ಕೂ ಸೇರಿ ಒಂದೇ ಮಾದರಿ, ಒಂದೇ ವರದಿ. ಮಾದರಿ ತೆಗೆದ ದಿನ ಅದು ಸರಿ, ಬೀಜವೆಲ್ಲ ಆಗ ಒಂದೇ ಸೂರಿನಡಿ ಇರುತ್ತದೆ. ಆಮೇಲೆ ಅದೇ ಲಾಟ್ ಒಡೆದು ಬೇರೆ ಬೇರೆ ತಾಲ್ಲೂಕು, ಹೋಬಳಿಗೆ ಹೋಗುತ್ತದೆ. ಒಂದು ಹೋಬಳಿಯ ಗೋದಾಮು ಕಲ್ಲಿನ ಗೋಡೆಯದು, ತಂಪು. ಇನ್ನೊಂದು ತಗಡಿನದು, ಕಾದ ಹಂಚು. ಚೀಟಿಯ ಮೇಲಿನ ನಂಬರು ಎರಡೂ ಕಡೆ ಒಂದೇ. ಕ್ಯೂಆರ್ ಕೋಡ್ ಹೊಡೆದರೂ ಅದೇ ಊರು, ಅದೇ ದಿನಾಂಕ ತೋರಿಸುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ತಂದ ‘ಸಾಥಿ’ ವ್ಯವಸ್ಥೆಯ ಉದ್ದೇಶ ಬೀಜ ಎಲ್ಲಿಂದ ಬಂತು ಎಂದು ಹಿಂಬಾಲಿಸುವುದು. ಒಳ್ಳೆಯದೇ, ಕಳ್ಳಬೀಜ ಹಿಡಿಯಲು ಬೇಕು. ಆದರೆ ನನ್ನ ಬೀಜ ಕಳ್ಳಬೀಜ ಆಗಿರಲಿಲ್ಲ. ಒಳ್ಳೆಯ ಮನೆತನದ್ದೇ, ದಾರಿಯಲ್ಲಿ ಸತ್ತಿತ್ತು.

ನನ್ನ ಬೇಡಿಕೆ ಇಷ್ಟೇ. ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಬಂದು ಇಳಿದ ಮೇಲೆ, ಹಂಚಿಕೆಗೆ ಮುಂಚೆ, ಪ್ರತಿ ಲಾಟಿನ ಮೊಳಕೆಯನ್ನು ಅಲ್ಲೇ, ರೈತರ ಕಣ್ಣೆದುರೇ ಇನ್ನೊಮ್ಮೆ ನೋಡಿ. ಬಂದ ಅಂಕಿಯನ್ನು ಲಾಟ್ ನಂಬರು, ದಿನಾಂಕದೊಂದಿಗೆ ಕೇಂದ್ರದ ಹೊರಗಿನ ಕರಿಹಲಗೆಯ ಮೇಲೆ ಬರೆಯಿರಿ. ನಮಗೆ ಕೊಡುವ ರಸೀದಿಯ ಮೇಲೂ ಬರೆಯಿರಿ. ‘ಕನಿಷ್ಠ 70’ ಎಂದಲ್ಲ. 81 ಬಂದರೆ 81, 63 ಬಂದರೆ 63.

ಇದಕ್ಕೆ ಬೇಕಾದದ್ದು ಗೋಣಿಚೀಲ, ನೀರು ಮತ್ತು ಎಂಟು ದಿನ. ಚೀಲಗಳ ಮೇಲಿಂದ, ನಡುವಿಂದ, ತಳದಿಂದ ಕಾಳು ತೆಗೆದು ಬೆರೆಸಬೇಕು, ಆರಿಸಬಾರದು. (ಚೆಂದದ ಕಾಳು ಆರಿಸಿಕೊಂಡು ಪರೀಕ್ಷೆ ಮಾಡುವ ಚಟ ನಮ್ಮ ರೈತರಲ್ಲೂ ಇದೆ. ಅದು ಜಾಣ ಹುಡುಗನನ್ನು ಮುಂದಿನ ಬೆಂಚಿಗೆ ಕೂರಿಸಿ ಇನ್‌ಸ್ಪೆಕ್ಟರಿಗೆ ಶಾಲೆ ತೋರಿಸಿದಂತೆ.) ಪ್ರಯೋಗಾಲಯದಲ್ಲಿ ನೂರರಂತೆ ನಾಲ್ಕು ಬಾರಿ, ಒಟ್ಟು 400 ಕಾಳು ಹಾಕುತ್ತಾರೆ, ಕೇಂದ್ರದಲ್ಲೂ ಹಾಗೇ ಹಾಕಲಿ. ತಟ್ಟು ಹಿಂಡಿದಾಗ ನೀರು ತೊಟ್ಟಿಕ್ಕಬಾರದು. ಸೋಯಾಗೆ ನೀರು ಹೆಚ್ಚಾದರೂ ಕೊಳೆಯುತ್ತದೆ. ಬೆರಳಗಲ ಬಿಟ್ಟು ಸಾಲಿಟ್ಟು, ಸುತ್ತಿ, ನೆರಳಲ್ಲಿಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಐದನೆಯ ದಿನ ಒಮ್ಮೆ, ಎಂಟನೆಯ ದಿನ ಒಮ್ಮೆ ಎಣಿಸಿದರೆ ಮುಗಿಯಿತು.

“ಈ ಪರೀಕ್ಷೆ ರೈತರೇ ಮನೆಯಲ್ಲಿ ಮಾಡಿಕೊಳ್ಳಿ ಎಂದು ನಾವು ಪ್ರತಿವರ್ಷ ಹೇಳುತ್ತೇವಲ್ಲ” ಎಂದು ಇಲಾಖೆ ಹೇಳಬಹುದು. ಹೇಳುತ್ತೀರಿ, ಕರಪತ್ರದಲ್ಲಿ ಚಿತ್ರವೂ ಇದೆ. ಆದರೆ ಬೀಜ ನಮ್ಮ ಕೈಗೆ ಸಿಗುವುದು ಯಾವಾಗ? ಮಳೆ ಬೀಳುವ ಹೊತ್ತಿಗೆ. ಹದ ನಿಲ್ಲುವುದು ಎರಡು ಮೂರು ದಿನ. ಮೊಳಕೆ ನೋಡಲು ಬೇಕಾದ್ದು ಎಂಟು ದಿನ. ಬಿತ್ತನೆ ಬಿಟ್ಟು ಗೋಣಿತಟ್ಟು ಕಾಯುತ್ತ ಕೂತವನನ್ನು ಊರು ಹುಚ್ಚ ಎನ್ನುತ್ತದೆ. ಅದೂ ಅಲ್ಲದೆ, ಪರೀಕ್ಷೆಗೆಂದು ಹೊಲಿಗೆ ಬಿಚ್ಚಿದ ಚೀಲವನ್ನು ನೀವು ವಾಪಸು ತೆಗೆದುಕೊಳ್ಳುವುದಿಲ್ಲ. ಆಮೇಲೆ ಅದರಲ್ಲಿ 46 ಬಂದರೆ ನಾನು ಏನು ಮಾಡಬೇಕಿತ್ತು?

ಸಿಬ್ಬಂದಿ ಇಲ್ಲ ಎನ್ನುವ ಉತ್ತರವೂ ಬರುತ್ತದೆ. ನಿಜ, ನಮ್ಮ ಕೇಂದ್ರದ ಕೃಷಿ ಅಧಿಕಾರಿಗೆ ಎರಡು ಹೋಬಳಿಯ ಹೊರೆ ಇದೆ, ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಊರೂರಲ್ಲಿ ರೈತರಿಗೆ ನೆರವಾಗುವ ಕೃಷಿ ಸಖಿಯರು ಇದ್ದಾರೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿದ್ದಾರೆ. ನಾನೂರು ಕಾಳು ಎಣಿಸಲು ಪದವಿ ಬೇಡ. ಅಕ್ಕಿ ಆರಿಸಿ ಕಲ್ಲು ತೆಗೆದ ಕೈಗಳು ಸಾಕು.

ಕಾನೂನಿನ ತೊಡಕು ಎಂದೂ ಹೇಳುವವರಿದ್ದಾರೆ: ಪರೀಕ್ಷೆ ಅಧಿಸೂಚಿತ ಪ್ರಯೋಗಾಲಯದಲ್ಲೇ ಆಗಬೇಕು, ಗೋಣಿತಟ್ಟಿನ ಲೆಕ್ಕ ಕೋರ್ಟಿನಲ್ಲಿ ನಿಲ್ಲದು. ಕೋರ್ಟಿಗೆ ಯಾರು ಕೇಳಿದರು? ನನಗೆ ಬೇಕಾದ್ದು ಬಿತ್ತುವ ಮುಂಚಿನ ತಿಳಿವಳಿಕೆ. ತಟ್ಟಿನಲ್ಲಿ 70ಕ್ಕಿಂತ ಕೆಳಗೆ ಬಂದ ಲಾಟನ್ನು ಅಲ್ಲೇ ತಡೆದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಆ ಕೆಲಸ ಮೇ ತಿಂಗಳಲ್ಲಾದರೆ ಇನ್ನೂ ಹೊತ್ತಿರುತ್ತದೆ. ಹಾಗೆ ನೋಡಿದರೆ ಕಾನೂನಿನ ಬಲವಾದರೂ ಎಷ್ಟು? 1966ರ ಬೀಜ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 500 ರೂಪಾಯಿವರೆಗೆ ಮಾತ್ರ. ಎರಡನೆಯ ಸಲಕ್ಕೆ 1,000 ರೂಪಾಯಿ ದಂಡ ಅಥವಾ ಆರು ತಿಂಗಳ ಸಜೆ, ಇಲ್ಲವೇ ಎರಡೂ. ನನ್ನ ಒಂದು ಚೀಲದ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಹೊಸ ಮಸೂದೆ 2004ರಲ್ಲೇ ರಾಜ್ಯಸಭೆಗೆ ಬಂದಿತ್ತು. 2025ರ ನವೆಂಬರಿನಲ್ಲಿ ಕೇಂದ್ರ ಮತ್ತೊಂದು ಕರಡು ಹೊರಡಿಸಿದೆ. ಅದು ನಿಮ್ಮ ಕೈಯಲ್ಲಿಲ್ಲ ಎಂಬುದು ನನಗೆ ಗೊತ್ತು. ಕರಿಹಲಗೆ ನಿಮ್ಮ ಕೈಯಲ್ಲಿದೆ.

ಬೀಜ ಕಂಪನಿಗಳು ಒಪ್ಪುವುದಿಲ್ಲ ಎಂದರೆ ನನಗೆ ನಗು ಬರುತ್ತದೆ. ಇಷ್ಟು ದೊಡ್ಡ ಗಿರಾಕಿ ನೀವು. ನಮ್ಮ ಓಣಿಯ ಹೆಂಗಸರು ತರಕಾರಿ ಗಾಡಿಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡದೆ ಕೊಳ್ಳುವುದಿಲ್ಲ.

ನಿಜವಾದ ಅಂಕಿ ಗೊತ್ತಾದರೆ ಏನು ಲಾಭ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಸೋಯಾದ ನೂರು ಕಾಳು ಸುಮಾರು 12 ಗ್ರಾಂ ತೂಗಿದರೆ 30 ಕಿಲೊ ಚೀಲದಲ್ಲಿ ಎರಡೂವರೆ ಲಕ್ಷ ಕಾಳಿರುತ್ತವೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಎಂದರೆ ಎಕರೆಗೆ ಬೇಕಾದ ಗಿಡ ಸುಮಾರು 1 ಲಕ್ಷ 35 ಸಾವಿರ. ಶೇ 70 ಮೊಳೆತರೆ 1 ಲಕ್ಷ 75 ಸಾವಿರ. ಹಕ್ಕಿ, ಹುಳ, ಹೆಪ್ಪುಗಟ್ಟಿದ ಮಣ್ಣಿಗೆ ಒಂದಿಷ್ಟು ಬಿಟ್ಟುಕೊಟ್ಟರೂ ಹೊಲ ತುಂಬುತ್ತದೆ. ಶೇ 46 ಎಂದರೆ 1 ಲಕ್ಷ 15 ಸಾವಿರ, ಅದೂ ಗೋಣಿತಟ್ಟಿನ ಮೇಲೆ. ಹೊಲದಲ್ಲಿ ನನಗೆ ಸಿಕ್ಕಿದ್ದು ಅದರ ಅರ್ಧವೂ ಇರಲಿಲ್ಲ. ಅದೇ, ಲಾಟಿನ ಮೊಳಕೆ 60 ಎಂದು ಮೊದಲೇ ಗೊತ್ತಿದ್ದರೆ ಎಕರೆಗೆ 35 ಕಿಲೊ ಹಾಕಿ ಸರಿದೂಗಿಸಬಹುದು. 85 ಎಂದು ಗೊತ್ತಾದರೆ 25 ಕಿಲೊ ಸಾಕು, ಚೀಲಕ್ಕೆ 5 ಕಿಲೊ ಉಳಿತಾಯ. ನೀವು ಸಬ್ಸಿಡಿ ಕೊಡುವುದು ಆ 5 ಕಿಲೊಗೂ ಸೇರಿಯೇ ಅಲ್ಲವೇ? ಒಳ್ಳೆಯ ಬೀಜವೂ ಕೆಟ್ಟ ಬೀಜವೂ ‘ಕನಿಷ್ಠ 70’ ಎಂಬ ಒಂದೇ ಅಂಗಿ ತೊಟ್ಟು ಬಂದರೆ ಈ ಲೆಕ್ಕ ಯಾವುದೂ ಹಾಕಲಾಗದು.

ನನ್ನ ಅತ್ತೆಯವರಿಗೆ ಎಂಬತ್ತರ ಹತ್ತಿರ. ಓದಿದವರಲ್ಲ. ನಮ್ಮ ಮನೆಯ ಜೋಳದ ಬೀಜ ಈಗಲೂ ಅವರದೇ ಉಸ್ತುವಾರಿ, ಮಾಲದಂಡಿ ತಳಿ. ಕಣಕ್ಕೆ ಬಂದ ರಾಶಿಯಿಂದ ಅವರು ಎಂದೂ ಬೀಜ ತೆಗೆದಿಲ್ಲ. “ರಾಶಿಯಾಗ ಎಲ್ಲಾ ಕಾಳೂ ಚಂದನ ಕಾಣ್ತಾವ. ಹೊಲದಾಗ ನಿಂತಾಗ ತೆನಿ ನೋಡಬೇಕವಾ, ಯಾವ ತಾಯಿ ಮಗಳು ಅಂತ ಅಲ್ಲೇ ಗೊತ್ತಾಕ್ಕೈತಿ” ಎನ್ನುತ್ತಾರೆ. ನಡು ಹೊಲಕ್ಕೆ ಹೋಗಿ, ಬದುವಿನ ಹತ್ತಿರದ ಗಿಡ ಬಿಟ್ಟು, ಹುಳ ಕಾಣದ, ದಂಟು ಗಟ್ಟಿಯಿರುವ ಗಿಡದ ತೆನೆಗೆ ಬಟ್ಟೆ ಚಿಂದಿ ಕಟ್ಟಿ ಬರುತ್ತಾರೆ. ಬದುವಿನ ಗಿಡ ಬಿಡುವುದು ಯಾಕೆಂದರೆ ಅದಕ್ಕೆ ಜಾಗ, ಬಿಸಿಲು ಹೆಚ್ಚು ಸಿಕ್ಕು ಸುಮ್ಮನೆ ಕೊಬ್ಬಿರುತ್ತದೆ, ಅದು ತಳಿಯ ಗುಣ ಅಲ್ಲ. ನಾನು ಕಾಲೇಜಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಓದಿದ್ದೆ, ಅರ್ಥವಾದದ್ದು ಅವರ ಹಿಂದೆ ಸಾಲು ಸುತ್ತಿದ ಮೇಲೆ.

ನವರಾತ್ರಿಯಲ್ಲಿ ನಮ್ಮಲ್ಲಿ ಘಟ ಹಾಕುತ್ತೇವೆ. ಹೊಲದ ಮಣ್ಣು ತಂದು, ಪತ್ರಾವಳಿಯ ಮೇಲೆ ಹರವಿ, ನಡುವೆ ನೀರಿನ ಕೊಡ ಇಟ್ಟು ಸುತ್ತ ಕಾಳು ಬಿತ್ತುತ್ತೇವೆ. ಒಂಬತ್ತು ದಿನ ದೀಪ, ನೀರು. ದಸರೆಯ ದಿನ ಆ ಹಳದಿ ಸಸಿ ಹೆಂಗಸರ ಮುಡಿಗೆ, ಗಂಡಸರ ರುಮಾಲಿಗೆ. ಹಿಂಗಾರಿ ಬಿತ್ತನೆ ಶುರುವಾಗುವ ಹೊತ್ತೂ ಅದೇ. ಅತ್ತೆಯವರು ಘಟದ ಜೋಳ ಹೇಗೆ ಹುಟ್ಟಿದೆ ಎಂದು ನೋಡಿಯೇ ಕೂರಿಗೆಗೆ ಯಾವ ಗಡಿಗೆಯ ಬೀಜ ಎಂದು ಹೇಳುತ್ತಿದ್ದರು. ಲಂಬಾಣಿ ತಾಂಡಾಗಳಲ್ಲಿ ಹುಡುಗಿಯರು ತೀಜ್ ಹಬ್ಬಕ್ಕೆ ಬುಟ್ಟಿಯಲ್ಲಿ ಗೋಧಿ ಬೆಳೆಸುತ್ತಾರಲ್ಲ, ಅದನ್ನು ನೋಡಿದಾಗಲೂ ನನಗೆ ಇದೇ ನೆನಪಾಗುತ್ತದೆ. ದೇವರ ಹೆಸರಿನಲ್ಲಿ ಮೊಳಕೆ ಪರೀಕ್ಷೆ. ಪರೀಕ್ಷೆ ಊರೆದುರು ನಡೆಯುತ್ತದೆ, ಫಲಿತಾಂಶ ತಲೆಯ ಮೇಲೆ.

ಸೋಯಾಗೆ ಇಂಥ ಹಬ್ಬ ಇಲ್ಲ. ನಮ್ಮ ಕಡೆ ಅದು ಬಂದದ್ದೇ ತೊಂಬತ್ತರ ದಶಕದಲ್ಲಿ, ಜೆಎಸ್ 335 ತಳಿಯ ಜೊತೆ. ಅತ್ತೆಯವರ ಬಳಿ ಅದಕ್ಕೆ ಗಡಿಗೆ ಇಲ್ಲ, ಬೂದಿ ಇಲ್ಲ, ಗಾದೆಯೂ ಇಲ್ಲ. ಹಾಗಾಗಿ ಸೋಯಾದ ಮಟ್ಟಿಗೆ ನಾವು ನಿಮ್ಮ ಚೀಟಿಯನ್ನೇ ನಂಬಿಕೊಂಡವರು.

ಪೂರ್ತಿ ನಂಬಿ ಕೂತಿಲ್ಲ ಅನ್ನಿ. ಸೋಯಾ ತನ್ನ ಹೂವಿನಲ್ಲೇ ಪರಾಗ ಮುಗಿಸಿಕೊಳ್ಳುವ ಬೆಳೆ. ಒಮ್ಮೆ ಒಳ್ಳೆಯ ಪ್ರಮಾಣಿತ ಬೀಜ ತಂದರೆ ಎರಡು ಮೂರು ವರ್ಷ ನಮ್ಮ ಬೀಜವನ್ನೇ ಬಿತ್ತಬಹುದು. ಹೋದ ವರ್ಷ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ತಂದು ಹಾಕಿದೆವು, ತುಕ್ಕು ರೋಗ ತಡೆಯುವ ತಳಿ. ಒಂದೂವರೆ ಎಕರೆಯನ್ನು ಬೀಜಕ್ಕೆಂದೇ ಬಿಟ್ಟು, ಬೇರೆ ಬಣ್ಣದ ಹೂ ಬಿಟ್ಟ ಗಿಡ ಕಿತ್ತು, ಮಷಿನ್ನಿಗೆ ಹಾಕದೆ ಕೋಲಿನಿಂದ ಬಡಿದೆವು. ತಾಡಪತ್ರಿಯ ಮೇಲೆ ಒಣಗಿಸಿ, ಹಲ್ಲಿಗೆ ಹಾಕಿದರೆ ಕಟ್ ಎನ್ನುವ ತನಕ ಬಿಡಲಿಲ್ಲ. ಹಲಗೆಯ ಮೇಲೆ ಒಂದೊಂದೇ ಚೀಲ ನಿಲ್ಲಿಸಿದ್ದೇವೆ. ಈ ಹಕ್ಕು ನಮಗೆ ಕಾಯ್ದೆಯಲ್ಲೇ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಪ್ರಕಾರ ರೈತ ತನ್ನ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರಾಂಡ್ ಹೆಸರಿಲ್ಲದೆ ಮಾರಲೂಬಹುದು. ನಿಮ್ಮ ಕೇಂದ್ರದಲ್ಲಿ ಪಾಳಿ ನಿಲ್ಲುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಆ ಕರಿಹಲಗೆಯ ಕೆಳಗೆ ಇದನ್ನೂ ಒಂದು ಸಾಲು ಬರೆಸಿ.

ಮತ್ತೊಂದು ಸಣ್ಣ ಕೋರಿಕೆ. ಪ್ರತಿ ಲಾಟಿನಿಂದ ಒಂದು ಕಿಲೊ ಬೀಜದ ಮೊಹರು ಹಾಕಿದ ಪೊಟ್ಟಣವನ್ನು, ಹಂಚಿಕೆಯ ದಿನವೇ, ಗ್ರಾಮ ಪಂಚಾಯಿತಿಯಲ್ಲಿಡಿ. ನಮ್ಮ ಬೀಜ ‘ಪರೀಕ್ಷೆಗೆ ಸಾಲದಷ್ಟು’ ಎಂದು ಅರ್ಜಿ ಬಿದ್ದುಹೋಯಿತಲ್ಲ, ಅದು ನನಗೊಬ್ಬಳಿಗೇ ಆದದ್ದಲ್ಲ. ಇದ್ದ ಬೀಜವನ್ನೆಲ್ಲ ಬಿತ್ತದೆ ಪರೀಕ್ಷೆಗೆಂದು ಉಳಿಸಿಕೊಳ್ಳುವ ರೈತ ಎಲ್ಲಿದ್ದಾನೆ? 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಈ ಮಾತನ್ನೇ ಹೇಳಿದೆ. ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕ ವೇದಿಕೆಗೆ ಹೋಗಬಹುದು. ಮಾದರಿ ಉಳಿಸಿಕೊಂಡಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ದೂರು ಬೀಳುವುದಿಲ್ಲ. ತೀರ್ಪು ಬಂದು ಇಷ್ಟು ವರ್ಷವಾದರೂ ನಮ್ಮ ಹೋಬಳಿಗೆ ಅದು ಬಂದು ಮುಟ್ಟಿಲ್ಲ.

ಎಲ್ಲ ಜಿಲ್ಲೆಯಲ್ಲೂ ಒಮ್ಮೆಲೇ ಆಗದಿದ್ದರೆ ಬೇಡ. ಸೋಯಾ ಹೆಚ್ಚು ಬೆಳೆಯುವ ಬೀದರ್, ಬೆಳಗಾವಿ, ಧಾರವಾಡದಲ್ಲಿ ಈ ಮುಂಗಾರಿಗೆ ಶುರು ಮಾಡಿ. ಮೇ ಎರಡನೆಯ ವಾರ ತಟ್ಟು ಹಾಸಿದರೆ ಮೂರನೆಯ ವಾರ ಅಂಕಿ ಹಲಗೆಯ ಮೇಲಿರುತ್ತದೆ, ಕೈಕೊಟ್ಟ ಲಾಟ್ ಬದಲಿಸಲು ಆಮೇಲೂ ಹದಿನೈದು ದಿನ ಸಿಗುತ್ತದೆ. ನಮ್ಮ ಹೋಬಳಿಯ ಕೇಂದ್ರಕ್ಕೆ ಗೋಣಿಚೀಲ ನಾನು ತರುತ್ತೇನೆ, ಎಣಿಸಲು ನಮ್ಮ ಸಂಘದ ಆರು ಜನ ಬರುತ್ತೇವೆ. ಚಹಾ ನಿಮ್ಮ ಇಲಾಖೆಯದು.

ಇಂತಿ,
ಧಾರವಾಡ ಜಿಲ್ಲೆಯ ಒಬ್ಬ ಸೋಯಾ ಬೆಳೆಗಾರ್ತಿ

ತಾ.ಕ.: ಈ ಪತ್ರ ಮುಗಿಸುವ ಮುಂಚೆ ನಮ್ಮ ಮನೆಯ ಡಿಎಸ್‌ಬಿ 21ರ ತಟ್ಟು ಬಿಚ್ಚಿದೆ. ನಾನೂರರಲ್ಲಿ ಗಟ್ಟಿ ಸಸಿ 337, ಅಂದರೆ ನೂರಕ್ಕೆ 84. ತಟ್ಟು ತೊಳೆದು ಬಿಸಿಲಿಗೆ ಹಾಕಿದ್ದೇನೆ. ಮೇ ತಿಂಗಳಲ್ಲಿ ಮತ್ತೊಮ್ಮೆ ಎಣಿಸುವುದಿದೆ.